ಮೊದಲ ಹಾಫ್ ಮ್ಯಾರಥಾನ್: ನಾಲ್ಕು ಜನ ಗೆಳೆಯರು, ನಾಲ್ಕು ವೇಗ, 14 ವಾರ. ಜೊತೆಯಲ್ಲೇ ತಯಾರಿ ಹೇಗೆ?

ಬಸವನಗುಡಿ_ಬೆಳಗು
ನಾಲ್ಕು ಜನ ಗೆಳೆಯರು ಸೇರಿ ಡಿಸೆಂಬರ್‌ನಲ್ಲಿ ಮೊದಲ ಹಾಫ್ (21.1 ಕಿ.ಮೀ.) ಓಡೋದಕ್ಕೆ ಹೆಸರು ಕೊಟ್ಟಾಗಿದೆ. ಕೈಯಲ್ಲಿ 14 ವಾರ ಇದೆ. ನಾಲ್ವರ ವೇಗ ಮಾತ್ರ ಒಂದೇ ಅಲ್ಲ. 5 ಕಿ.ಮೀ.ಗೆ ಒಬ್ಬರಿಗೆ 28 ನಿಮಿಷ, ಇಬ್ಬರಿಗೆ 35, ಇನ್ನೊಬ್ಬರಿಗೆ ಓಡ್ತಾ ನಡೀತಾ 42. ವಾರದ ದಿನ ಬಸವನಗುಡಿ, ಲಾಲ್‌ಬಾಗ್ ಸುತ್ತಮುತ್ತ. ಭಾನುವಾರ ಊರಿನ ಯಾವ ಮೂಲೆಗಾದ್ರೂ ಬರಬಹುದು. ಜೊತೆಯಲ್ಲೇ ತಯಾರಾಗಬೇಕು ಅನ್ನೋದು ಎಲ್ಲರ ಆಸೆ. ದಯವಿಟ್ಟು ಲೆಕ್ಕ ಸಮೇತ ಹೇಳಿ: ವಾರಕ್ಕೆ ಎಷ್ಟು, ಯಾವ ವೇಗ, ಏನು ತಿನ್ನೋದು, ಎಲ್ಲಿ ಎಡವಟ್ಟಾಗುತ್ತೆ.

ಕಬ್ಬನ್_ಸುತ್ತು
ಮೊದಲು ಗುರಿ ಎಷ್ಟಿರಬೇಕು ಅಂತ ನೋಡಿಬಿಡೋಣ. ಪೀಟ್ ರೀಗಲ್ ಅನ್ನೋವರು ಕೊಟ್ಟ ಸೂತ್ರ ಇದೆ: ದೂರ ಎಷ್ಟು ಪಟ್ಟು ಹೆಚ್ಚುತ್ತೋ, ಆ ಸಂಖ್ಯೆಯ 1.06ನೇ ಘಾತದಷ್ಟು ಪಟ್ಟು ಸಮಯ ಹೆಚ್ಚುತ್ತೆ. 5 ಕಿ.ಮೀ.ಯಿಂದ 21.0975 ಕಿ.ಮೀ.ಗೆ ಹೋದರೆ ಗುಣಿಸಬೇಕಾದ್ದು ಸುಮಾರು 4.6. ಹಾಗಾಗಿ 28 ನಿಮಿಷದವರಿಗೆ 2 ಗಂಟೆ 9 ನಿಮಿಷ, 35ರವರಿಗೆ 2:41, 42ರವರಿಗೆ 3:13. ಇದು ದೂರಕ್ಕೆ ಕಾಲು ಪಳಗಿರುವವರ ಲೆಕ್ಕ. ಮೊದಲ ಸಲ ಓಡುವವರು ಇದರ ಮೇಲೆ ಇನ್ನೂ 5ರಿಂದ 15 ನಿಮಿಷ ಇಟ್ಟುಕೊಳ್ಳಿ. ನಾಲ್ಕನೆಯವರ ವಿಷಯದಲ್ಲಿ ಈಗಲೇ ಒಂದು ಕೆಲಸ ಮಾಡಿ: ನಿಮ್ಮ ರೇಸಿನ ಕಟ್ ಆಫ್ (ಓಟ ಮುಗಿಸಲೇಬೇಕಾದ ಗಡುವು) 3 ಗಂಟೆಯೋ ಮೂರೂವರೆಯೋ ನಿಯಮ ಓದಿ ಖಚಿತ ಮಾಡಿಕೊಳ್ಳಿ. ಅವರ ತಯಾರಿಯೆಲ್ಲ ಆ ಒಂದು ಸಂಖ್ಯೆಯ ಮೇಲೆ ನಿಂತಿದೆ.

ಜೊತೆಯಲ್ಲಿ ಓಡೋದಕ್ಕೆ ಸುಲಭದ ದಾರಿ ಅಂದ್ರೆ ಕಿ.ಮೀ. ಬಿಟ್ಟು ಗಡಿಯಾರ ನೋಡಿ ತಿರುಗೋದು. ಭಾನುವಾರ 90 ನಿಮಿಷದ ಓಟ ಇದೆ ಅಂದುಕೊಳ್ಳಿ. ನಾಲ್ವರೂ ಒಂದೇ ಕಡೆಯಿಂದ ಹೊರಡಿ, ತಮ್ಮ ತಮ್ಮ ಆರಾಮದ ವೇಗದಲ್ಲಿ 45 ನಿಮಿಷ ಹೋಗಿ, ಇರುವ ಜಾಗದಿಂದಲೇ ಹಿಂದಿರುಗಿ. ವೇಗದವರು 13 ಕಿ.ಮೀ. ಹತ್ತಿರ ಮುಗಿಸಿರ್ತಾರೆ, ನಿಧಾನದವರು ಒಂಬತ್ತೂವರೆ. ಆದ್ರೆ ನಾಲ್ವರೂ ಹೆಚ್ಚುಕಡಿಮೆ ಒಟ್ಟಿಗೆ ವಾಪಸ್ ಬಂದಿರ್ತಾರೆ. ಕಾಯಿಸೋದಿಲ್ಲ, ಎಳೆಯೋದಿಲ್ಲ. ಒಟ್ಟಿಗೆ ಬರಲಿಲ್ಲ ಅಂದ್ರೆ ಯಾರೋ ಹೋಗುವಾಗ ಜೋರಾಗಿ ಓಡಿ ಬರುವಾಗ ಸುಸ್ತಾದರು ಅಂತ ಅರ್ಥ. ವೇಗ ತಪ್ಪಿದ್ದನ್ನ ಅಲ್ಲೇ ಹಿಡಿಯಬಹುದು.

ಮಧ್ಯದ ಇಬ್ಬರಿಗೆ ಭಾನುವಾರದ ದೂರ ವಾರದಿಂದ ವಾರಕ್ಕೆ ಹೀಗೆ: 6, 7, 8, 6, 9, 10, 12, 9, 13, 15, 12, 17, 11, ಆಮೇಲೆ ರೇಸ್. ನಡುನಡುವೆ ಇಳಿದಿರೋದು ಬೇಕಂತಲೇ. ಬಿದ್ದ ಹೊರೆಗೆ ಮೈ ಗಟ್ಟಿಯಾಗೋದು ಆ ಇಳಿಸಿದ ವಾರದಲ್ಲೇ. ಅದನ್ನ "ಚೆನ್ನಾಗಿದೀವಲ್ಲ" ಅಂತ ಹಾರಿಸಬೇಡಿ. ಮಂಗಳವಾರ 30ರಿಂದ 40 ನಿಮಿಷ ಆರಾಮ, ಗುರುವಾರ 35ರಿಂದ 50 ನಿಮಿಷ. ವಾರಕ್ಕೆ ಮೂರೇ ಓಟ. ಉಳಿದ ದಿನಗಳಲ್ಲಿ ಎರಡು ದಿನ ಶಕ್ತಿ ವ್ಯಾಯಾಮ. 21 ಕಿ.ಮೀ.ಯನ್ನ ತಯಾರಿಯಲ್ಲೇ ಓಡಿ ನೋಡೋ ಅಗತ್ಯ ಇಲ್ಲ, 16ರಿಂದ 18 ಸಾಕು. 42 ನಿಮಿಷದವರು ಎಷ್ಟೇ ದೂರವಾಗಿರಲಿ ಎರಡೂಮುಕ್ಕಾಲು ಗಂಟೆಗೆ ನಿಲ್ಲಿಸಿ. ಅದಕ್ಕಿಂತ ಜಾಸ್ತಿ ಹೊತ್ತು ಕಾಲ ಮೇಲಿದ್ದರೆ ಲಾಭಕ್ಕಿಂತ ಚೇತರಿಕೆಗೆ ಹೋಗೋ ದಿನಗಳೇ ಹೆಚ್ಚು.

ನಿಧಾನವೇ_ಓಟ
ಮೇಲಿನ ಯೋಜನೆಗೆ ಪೂರ್ತಿ ಒಪ್ಪಿಗೆ. "ಆರಾಮದ ವೇಗ" ಅನ್ನೋದನ್ನ ಮಾತ್ರ ಬಿಡಿಸಿ ಹೇಳಬೇಕು, ಗೆಳೆಯರ ಗುಂಪು ಕೆಡೋದು ಇಲ್ಲೇ. 28 ನಿಮಿಷದವರ 5 ಕಿ.ಮೀ. ವೇಗ ಕಿ.ಮೀ.ಗೆ 5:36. ಅವರ ಆರಾಮದ ವೇಗ 6:45ರಿಂದ 7:15. 35ರವರಿಗೆ 8:00ರಿಂದ 8:40. ನಾಲ್ಕನೆಯವರಿಗೆ ನಡಿಗೆ ಸೇರಿ ಒಂಬತ್ತೂಕಾಲು, ಒಂಬತ್ತೂವರೆ. ಈಗ ನೋಡಿ, ಮಧ್ಯದ ಇಬ್ಬರು ವೇಗದವರ ಜೊತೆ 7:10ರಲ್ಲಿ ಮಾತಾಡ್ತಾ ಹೊರಟರೆ ಅವರಿಗದು ಹೆಚ್ಚುಕಡಿಮೆ 5 ಕಿ.ಮೀ. ರೇಸಿನ ವೇಗ. ಮೂರು ವಾರ ಏನೂ ಗೊತ್ತಾಗಲ್ಲ, ಐದನೇ ವಾರಕ್ಕೆ ಮೊಣಕಾಲಿನ ಕೆಳಗಿನ ಮೂಳೆ ನೋವು ಶುರು.

ಕಾರಣ ಇದೆ. ಹೃದಯ, ಶ್ವಾಸ, ರಕ್ತ ಕೆಲವೇ ವಾರದಲ್ಲಿ ಹೊಂದಿಕೊಳ್ತವೆ. ಸ್ನಾಯುವನ್ನ ಮೂಳೆಗೆ ಕಟ್ಟೋ ಸ್ನಾಯುರಜ್ಜು, ಮೂಳೆ ಇವಕ್ಕೆ ತಿಂಗಳುಗಳು ಬೇಕು. ಉಸಿರು "ಓಡು" ಅನ್ನುತ್ತೆ, ಕಾಲು ಇನ್ನೂ ಸಿದ್ಧ ಇರಲ್ಲ. ಐದನೇ ವಾರದಿಂದ ಒಂಬತ್ತನೇ ವಾರದವರೆಗೆ ಗಾಯ ಜಾಸ್ತಿ ಕಾಣೋದು ಈ ಅಂತರದಿಂದ.

ಅಳತೆಗೋಲು ಮಾತು. ಒಂದು ಪೂರ್ತಿ ವಾಕ್ಯ ನಡುವೆ ಉಸಿರು ತೆಗೆದುಕೊಳ್ಳದೆ ಹೇಳೋಕೆ ಆಗಬೇಕು. ಎರಡು ಪದಕ್ಕೊಮ್ಮೆ ತುಂಡಾದರೆ ಜೋರಾಗಿದೆ ಅಂತ. ಜೊತೆಗೆ ಗೆಳೆಯರಿರೋದರ ನಿಜವಾದ ಉಪಯೋಗ ಇದೇ ಅನ್ನೋದು ನನ್ನ ಅಭಿಪ್ರಾಯ: ಒಬ್ಬರೇ ಓಡುವಾಗ ವಾಚು ಬಿಟ್ಟರೆ ಹೇಳೋರಿಲ್ಲ, ಜೊತೆಯಲ್ಲಿದ್ದಾಗ ಮಾತು ನಿಂತರೆ ಪಕ್ಕದವರಿಗೇ ಗೊತ್ತಾಗುತ್ತೆ. ಮಾತು ನಿಂತವರನ್ನ ಹುರಿದುಂಬಿಸಬೇಡಿ, ಎಲ್ಲರೂ ನಿಧಾನ ಮಾಡಿ.

ಪೇಸರ್_ಮಲ್ಲೇಶ್ವರ
ನಾಲ್ಕನೆಯವರಿಗೆ ಓಟ-ನಡಿಗೆಯೇ ಸರಿ, ಮಧ್ಯದ ಇಬ್ಬರೂ ಯೋಚಿಸಬಹುದು. ಅಮೆರಿಕದ ಜೆಫ್ ಗ್ಯಾಲೊವೇ ಜನಪ್ರಿಯ ಮಾಡಿದ ಪದ್ಧತಿ. ಸುಸ್ತಾದ ಮೇಲೆ ನಡೆಯೋದಲ್ಲ ಇದು, ಮೊದಲ ನಿಮಿಷದಿಂದಲೇ ಲೆಕ್ಕ ಹಾಕಿ ನಡೆಯೋದು.

ಮಧ್ಯದವರ ಲೆಕ್ಕ: ರೇಸಿನಲ್ಲಿ ಓಟ ಕಿ.ಮೀ.ಗೆ 7:00, ಚುರುಕು ನಡಿಗೆ 10:30. 3 ನಿಮಿಷ ಓಟ 1 ನಿಮಿಷ ನಡಿಗೆ ಮಾಡಿದರೆ ಸರಾಸರಿ 7:38 ಬರುತ್ತೆ, ಹಾಫ್ ಮುಗಿಯೋದು 2:41ಕ್ಕೆ. 2 ನಿಮಿಷ ಓಟ 1 ನಿಮಿಷ ನಡಿಗೆ ಆದರೂ ಸರಾಸರಿ 7:52, ಸಮಯ 2:46. ಐದೇ ನಿಮಿಷದ ವ್ಯತ್ಯಾಸ! ಹಾಗಾಗಿ ನಡಿಗೆ ಅಂದ್ರೆ ಸೋಲು ಅಂತ ಯಾರೂ ತಿಳಿಯಬೇಕಾಗಿಲ್ಲ. ನಡೆಯುವಾಗ ತೋಳು ಬೀಸಿ ಚುರುಕಾಗಿ ನಡೀಬೇಕು ಅಷ್ಟೇ. ಫೋನ್ ತೆಗೆದು ಅಡ್ಡಾಡಿದರೆ ಕಿ.ಮೀ.ಗೆ 13 ನಿಮಿಷ ಆಗಿಬಿಡುತ್ತೆ, ಆಗ ಮೇಲಿನ ಲೆಕ್ಕ ಯಾವುದೂ ಉಳಿಯಲ್ಲ.

ಜಿಕೆವಿಕೆ_ದಿಣ್ಣೆ
ಜಾಗದ ಬಗ್ಗೆ. ಭಾನುವಾರ ಕಬ್ಬನ್ ಪಾರ್ಕ್ ಒಳರಸ್ತೆಗೆ ವಾಹನ ಬಿಡಲ್ಲ, ಶೌಚಾಲಯ, ನೀರು, ನೆರಳು ಎಲ್ಲ ಹತ್ತಿರ. 12 ಕಿ.ಮೀ.ವರೆಗಿನ ಲಾಂಗ್ ರನ್‌ಗೆ ಅದಕ್ಕಿಂತ ಒಳ್ಳೇದು ನಗರದ ನಡುವೆ ಇಲ್ಲ. ಮರದ ದಟ್ಟಣೆಯಲ್ಲಿ ವಾಚಿನ ಜಿಪಿಎಸ್ ಅಲ್ಲಲ್ಲಿ ಹಾರುತ್ತೆ, ಒಂದೊಂದು ಕಿ.ಮೀ. ವೇಗ ನಂಬಬೇಡಿ, ಒಟ್ಟು ಸಮಯ ನಂಬಿ. ಲಾಲ್‌ಬಾಗ್ ಮಂಗಳವಾರದ ಆರಾಮದ ಓಟಕ್ಕೆ ಚೆನ್ನ, ಆದರೆ ಬಾಗಿಲು ತೆರೆಯೋದೇ 6ಕ್ಕೆ, 7ರ ಮೇಲೆ ನಡೆಯುವವರು ತುಂಬಿರ್ತಾರೆ. ಕೆಂಪೇಗೌಡರ ಗೋಪುರದ ಬಂಡೆ ಮೇಲೆ ಇಳಿಜಾರು ಅಭ್ಯಾಸ ಬೇಡ, ಮಳೆ ಬಿದ್ದಾಗ ಜಾರುತ್ತೆ.

13 ಕಿ.ಮೀ. ದಾಟಿದ ಮೇಲೆ ಏರಿಳಿತ ಬೇಕು. ಬೆಂಗಳೂರಿನ ರೇಸ್ ಅಂದ್ರೆ ಫ್ಲೈಓವರ್, ಅಂಡರ್‌ಪಾಸ್ ಇದ್ದೇ ಇರುತ್ತೆ. ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಆವರಣ, ಜ್ಞಾನಭಾರತಿ (ಬೆಂಗಳೂರು ವಿಶ್ವವಿದ್ಯಾಲಯ) ಕಡೆ ನಿಧಾನವಾಗಿ ಏರೋ ಉದ್ದನೆಯ ದಾರಿಗಳಿವೆ. ಒಳಗೆ ಬಿಡೋ ಸಮಯ ಬದಲಾಗ್ತಿರುತ್ತೆ, ಮೊದಲೇ ಗೇಟಲ್ಲಿ ವಿಚಾರಿಸಿ. ನಂದಿ ಬೆಟ್ಟ ಈ 14 ವಾರದಲ್ಲಿ ಬೇಡವೇ ಬೇಡ. ಏರೋದಕ್ಕಿಂತ ಇಳಿಯೋದು ತೊಡೆಯ ಮುಂಭಾಗವನ್ನ ಹಾಳು ಮಾಡುತ್ತೆ, ಒಂದು ವಾರದ ಓಟ ಕೈಬಿಡುತ್ತೆ.

ನಿಮ್ಮ 14 ವಾರ ಸೆಪ್ಟೆಂಬರ್‌ನಲ್ಲಿ ಶುರು. ಸೆಪ್ಟೆಂಬರ್, ಅಕ್ಟೋಬರ್ ನಮ್ಮೂರಲ್ಲಿ ಮಳೆ ಜೋರಿರೋ ತಿಂಗಳು. ಫುಟ್‌ಪಾತ್‌ನ ಕಲ್ಲುಚಪ್ಪಡಿ ಒದ್ದೆಯಾದಾಗ ಹೆಜ್ಜೆ ಇಟ್ಟ ಕಡೆ ನಿಲ್ಲಲ್ಲ, ಕೆಲವು ಅಲುಗಾಡ್ತವೆ. ನೀರು ನಿಂತ ಕಡೆ ಕಾಲಿಡಲೇಬೇಡಿ, ಕೆಳಗೆ ಮುಚ್ಚಳವಿಲ್ಲದ ಮ್ಯಾನ್‌ಹೋಲ್ ಇರಬಹುದು. ಗುಡುಗು ಮಿಂಚಿದ್ದರೆ ಓಟ ರದ್ದು. ರಸ್ತೆಯಲ್ಲಿ ಓಡುವಾಗ ಬಲಬದಿ, ಎದುರಿನಿಂದ ಬರುವ ವಾಹನ ಕಾಣೋ ಹಾಗೆ, ಒಬ್ಬರ ಹಿಂದೆ ಒಬ್ಬರು. ಸೂರ್ಯ ಹುಟ್ಟೋದು ಸೆಪ್ಟೆಂಬರ್‌ನಲ್ಲಿ 6:10ರ ಸುಮಾರು, ಡಿಸೆಂಬರ್‌ನಲ್ಲಿ 6:35. ಐದಕ್ಕೇ ಹೊರಟರೆ ಗಂಟೆಗೂ ಹೆಚ್ಚು ಕತ್ತಲೆ. ಬೆಳಕಿಗೆ ಹೊಳೆಯೋ ಪಟ್ಟಿಯ ಜಾಕೆಟ್ ಮುಂದಿನವರಿಗೊಂದು, ಹಿಂದಿನವರಿಗೊಂದು ಇರಲಿ.

ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ, ಗುಂಪಾಗಿ ನಿಂತು, ನಿಧಾನವಾಗಿ ನಡೆದು ದಾಟಿ. ಓಡಿದರೆ ಬೆನ್ನು ಹತ್ತುತ್ತೆ. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ರೇಬೀಸ್ ಲಸಿಕೆಗೆ ಹೋಗಿ.

ಹಲಸೂರು_ಕೆರೆ_ಏರಿ
ಗುಂಪಲ್ಲಿ ಹೆಣ್ಣುಮಕ್ಕಳಿದ್ದರೆ ಗಡಿಯಾರ ನೋಡಿ ತಿರುಗೋ ಪದ್ಧತಿಯನ್ನ ಕತ್ತಲಲ್ಲಿ ಮಾಡಬೇಡಿ, ನಿಧಾನದವರು ಒಂಟಿಯಾಗಿಬಿಡ್ತಾರೆ. ಬೆಳಕು ಹರಿಯೋವರೆಗೆ ಎಲ್ಲರೂ ಚಿಕ್ಕ ಸುತ್ತಿನಲ್ಲೇ ಓಡಿ, ಆಮೇಲೆ ಬೇರೆಯಾಗಿ. ಫೋನಿನಲ್ಲಿ ಲೈವ್ ಲೊಕೇಶನ್ ಹಂಚಿಕೊಳ್ಳೋದು ನಾಲ್ವರಿಗೂ ಕಡ್ಡಾಯ ಇರಲಿ.

ಸ್ಪೋರ್ಟ್ಸ್ ಬ್ರಾ ಓಟಕ್ಕೆ ಅಂತಲೇ ಇರೋದನ್ನ ತೊಗೊಳ್ಳಿ, ಯೋಗದ್ದು ಸಾಲದು. ಎದೆಯ ಕೆಳಗಿನ ಪಟ್ಟಿಯೊಳಗೆ ಎರಡು ಬೆರಳು ಹಿಡಿಸಬೇಕು, ಕೈ ಎತ್ತಿದಾಗ ಪಟ್ಟಿ ಮೇಲೇರಬಾರದು. ಪಟ್ಟಿ ಉಜ್ಜೋ ಕಡೆ, ಒಳತೊಡೆ, ಗಂಡಸರಾದರೆ ಮೊಲೆತೊಟ್ಟು, ಈ ಜಾಗಗಳಿಗೆ ಪೆಟ್ರೋಲಿಯಂ ಜೆಲ್ಲಿ. 10 ಕಿ.ಮೀ. ದಾಟಿದ ಮೇಲೆ ಇದರ ಬೆಲೆ ಗೊತ್ತಾಗುತ್ತೆ. ತಯಾರಿ ಸರಿಯಾಗಿದ್ದೂ ಮೆಟ್ಟಿಲು ಹತ್ತುವಾಗಲೇ ಏದುಸಿರು, ದಿನವಿಡೀ ಆಯಾಸ ಇದ್ದರೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ನೋಡಿಸಿ. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ಸಂಗ್ರಹ ಕಡಿಮೆ ಇರಬಹುದು. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಕಬ್ಬಿಣ ಕಡಿಮೆ ಹೀರುತ್ತೆ. ಒಂದು ಗಂಟೆ ಅಂತರ ಇರಲಿ.

ಫಿಸಿಯೋ_ರಾಜಾಜಿನಗರ
ನೋವಿನ ವಿಷಯ. ಓಟದ ಶುರುವಲ್ಲಿ ಇದ್ದು ಮೈ ಬಿಸಿಯಾದ ಮೇಲೆ ಹೋಗುವ, ಮರುದಿನ ಹೆಚ್ಚಾಗದ ಬಿಗಿತ ಇದ್ದರೆ ದೂರ ಕಡಿಮೆ ಮಾಡಿ ಮುಂದುವರಿಸಬಹುದು. ಓಡ್ತಾ ಓಡ್ತಾ ಹೆಚ್ಚಾಗುವ, ನಡಿಗೆಯನ್ನೇ ಬದಲಿಸುವ ನೋವಿದ್ದರೆ ಅಲ್ಲೇ ನಿಲ್ಲಿಸಿ. ಮೂಳೆಯ ಮೇಲೆ ಬೆರಳಿಟ್ಟರೆ ಒಂದೇ ಬಿಂದುವಲ್ಲಿ ಚುಚ್ಚುವ, ಒಂಟಿಕಾಲಲ್ಲಿ ಜಿಗಿದರೆ ಹೆಚ್ಚಾಗುವ, ರಾತ್ರಿಯೂ ಕಾಡುವ ನೋವಾದರೆ ಮೂಳೆ ಸಣ್ಣಗೆ ಬಿರುಕು ಬಿಟ್ಟಿರಬಹುದು. ಓಟ ಪೂರ್ತಿ ಬಂದ್, ವೈದ್ಯರ ಹತ್ತಿರ ಹೋಗಿ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೆ ಇರಬಹುದು, ಹಾಗಾಗಿ "ಎಕ್ಸ್‌ರೇ ಸರಿಯಿದೆ" ಅಂತ ಓಡಬೇಡಿ.

ವಾರಕ್ಕೆ ಎರಡು ದಿನ, 25 ನಿಮಿಷ ಸಾಕು. ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿಳಿಸೋದು ಮಂಡಿ ನೇರ ಇಟ್ಟು 15, ಮಂಡಿ ಸ್ವಲ್ಪ ಬಗ್ಗಿಸಿ 15, ಮೂರು ಸುತ್ತು. ಎರಡನೆಯದನ್ನ ಬಿಡಬೇಡಿ, ದೂರದ ಓಟದಲ್ಲಿ ಹೆಚ್ಚು ದುಡಿಯುವುದು ಮೀನಖಂಡದ ಒಳಪದರದ ಆ ಸ್ನಾಯುವೇ. ಕುರ್ಚಿಯ ಮೇಲೆ ಕೂತೇಳೋ ಹಾಗೆ ಬಸ್ಕಿ 10, ಮೂರು ಸುತ್ತು. ಅಂಗಾತ ಮಲಗಿ ಸೊಂಟ ಎತ್ತೋದು 12, ನಾಲ್ಕನೇ ವಾರದಿಂದ ಒಂದೊಂದೇ ಕಾಲಲ್ಲಿ. ಪಕ್ಕಕ್ಕೆ ಮಲಗಿ ಮೊಣಕೈ ಮೇಲೆ ನಿಲ್ಲೋದು 30 ಸೆಕೆಂಡ್, ಎರಡೂ ಬದಿ. ಓಟದ ಮುಂಚೆ ನಿಂತಲ್ಲೇ ಎಳೆದು ಹಿಡಿಯೋ ಸ್ಟ್ರೆಚ್ ಬೇಡ. ಐದು ನಿಮಿಷ ನಡಿಗೆ, ಕಾಲು ಬೀಸೋದು ಸಾಕು.

ಓಟಕ್ಕೆ ಮೊದಲು ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್ ಥರದ ನೋವಿನ ಮಾತ್ರೆ ನುಂಗುವ ಅಭ್ಯಾಸ ಗುಂಪುಗಳಲ್ಲಿ ಹರಡುತ್ತಿದೆ, ಇದು ನಿಜಕ್ಕೂ ಅಪಾಯ. ಬೆವರಿ ನೀರು ಕಡಿಮೆಯಾದ ಹೊತ್ತಲ್ಲಿ ಮೂತ್ರಪಿಂಡಕ್ಕೆ ರಕ್ತ ಹರಿಯೋದನ್ನ ಅವು ಇನ್ನೂ ಕುಗ್ಗಿಸುತ್ತವೆ. ಗೆಳೆಯರು ಕೊಟ್ಟರೂ ತೊಗೋಬೇಡಿ.

40 ದಾಟಿದವರು, ಬಿಪಿ, ಸಕ್ಕರೆ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಆದವರಿರುವವರು ಶುರುವಿಗೆ ಮುಂಚೆಯೇ ವೈದ್ಯರನ್ನ ನೋಡಿ. ಓಡುವಾಗ ಎದೆ ಬಿಗಿತ, ಕಣ್ಣು ಕತ್ತಲೆ, ಎಚ್ಚರ ತಪ್ಪಿದ ಹಾಗಾಗೋದು, ಇವುಗಳಲ್ಲಿ ಯಾವುದಾದರೂ ಆದರೆ ವಯಸ್ಸು ಎಷ್ಟೇ ಇರಲಿ ತಪಾಸಣೆ ಆಗುವವರೆಗೆ ಓಟ ಬೇಡ. ಜ್ವರ ಬಂದಾಗಲೂ ಅಷ್ಟೇ. ಬರೀ ಮೂಗು ಸೋರುತ್ತಿದ್ದರೆ ನಿಧಾನವಾಗಿ ಓಡಬಹುದು.

ಬಸವನಗುಡಿ_ಬೆಳಗು
ಎಲ್ಲರಿಗೂ ಧನ್ಯವಾದ, ಒಂದೊಂದೂ ಬರೆದಿಟ್ಟುಕೊಂಡೆ. ಗುರುವಾರ ಏನು ಮಾಡೋದು ಅಂತ ಬಿಟ್ಟುಹೋಯ್ತು. ಶೂ, ಆಮೇಲೆ ತಿನ್ನೋದು ಕುಡಿಯೋದು. ಜೆಲ್ (ಓಡ್ತಾ ನುಂಗೋ ಸಕ್ಕರೆ ಪಾಕದ ಪೊಟ್ಟಣ) ದುಬಾರಿ, ಬಾಳೆಹಣ್ಣು, ಚಿಕ್ಕಿ ನಡೆಯುತ್ತಾ?

ಕಬ್ಬನ್_ಸುತ್ತು
ಗುರುವಾರ: ಮೊದಲ ನಾಲ್ಕು ವಾರ ಅದೂ ಆರಾಮವೇ. ಐದರಿಂದ ಎಂಟನೇ ವಾರ 10 ನಿಮಿಷ ಆರಾಮ, ಆಮೇಲೆ ಏರಿನಲ್ಲಿ 45 ಸೆಕೆಂಡ್ ಚುರುಕಾಗಿ ಆರು ಸಲ, ನಡೆದು ಇಳಿಯೋದು. ಒಂಬತ್ತರಿಂದ ಹನ್ನೆರಡು 8 ನಿಮಿಷ "ಹಿತವಾದ ಕಷ್ಟ"ದಲ್ಲಿ, ಮೂರು ಸಲ, ನಡುವೆ 2 ನಿಮಿಷ ನಡಿಗೆ. ನಾಲ್ಕೈದು ಪದ ಹೇಳೋಕಾಗಬೇಕು, ಹರಟೆ ಆಗಬಾರದು. ಎಲ್ಲವೂ ನಿಮಿಷದ ಲೆಕ್ಕ, ಆದ್ದರಿಂದ ನಾಲ್ವರೂ ಒಟ್ಟಿಗೆ ಶುರು, ಒಟ್ಟಿಗೆ ಮುಕ್ತಾಯ.

ಶೂ: ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತೆ. ಓಡೋ ಸಾಕ್ಸ್ ಹಾಕಿಕೊಂಡೇ ನೋಡಿ, ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳ ಉಗುರಿನಷ್ಟು ಜಾಗ. ಹಿಮ್ಮಡಿ ಜಾರಿದರೆ ಮೇಲಿನ ಕೊನೇ ತೂತಿನಲ್ಲಿ ಲೇಸಿನ ಕುಣಿಕೆ ಮಾಡಿ ಕಟ್ಟಿ. ಕಾರ್ಬನ್ ತಟ್ಟೆಯ ಶೂಗೆ ದುಡ್ಡು ಹಾಕಬೇಡಿ. ಮಾಮೂಲಿ ಮೆತ್ತನೆಯ ಶೂ 500ರಿಂದ 800 ಕಿ.ಮೀ. ಬರುತ್ತೆ, ಈ ಯೋಜನೆ ಒಟ್ಟು 300 ಕಿ.ಮೀ. ಆಸುಪಾಸು, ಒಂದು ಜೊತೆ ಧಾರಾಳ ಸಾಕು. ಹತ್ತಿ ಸಾಕ್ಸ್ ಮಾತ್ರ ಬೇಡ, ಬೆವರು ಹಿಡಿದು ಬೊಬ್ಬೆ ಏಳುತ್ತೆ.

ರಾಗಿಮುದ್ದೆ_21
ಚಿಕ್ಕಿ ಬೇಡ. ಶೇಂಗಾದ ಕೊಬ್ಬು ಜೀರ್ಣ ಆಗೋಕೆ ಹೊತ್ತು ಹಿಡಿಯುತ್ತೆ, ಒಣಗಿದ ಬಾಯಲ್ಲಿ ಅಗಿಯೋದೂ ಕಷ್ಟ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಗುರಿ. ಒಂದು ಜೆಲ್‌ನಲ್ಲಿ ಸಾಮಾನ್ಯವಾಗಿ 20ರಿಂದ 25 ಗ್ರಾಂ. ಎರಡು ಏಲಕ್ಕಿ ಬಾಳೆ ಹತ್ತಿರ ಹತ್ತಿರ ಒಂದು ಜೆಲ್‌ಗೆ ಸಮ, ಬೀಜ ತೆಗೆದ ಸಣ್ಣ ಖರ್ಜೂರ ನಾಲ್ಕಾದರೂ ಹಾಗೇ. ಮೊದಲನೆಯದು 45ನೇ ನಿಮಿಷಕ್ಕೆ, ಆಮೇಲೆ 35 ನಿಮಿಷಕ್ಕೊಮ್ಮೆ. ಹಸಿವಾದ ಮೇಲೆ ತಿಂದರೆ ತಡವಾಯಿತು. ಜೆಲ್ ಜೊತೆ ಎರಡು ಮೂರು ಗುಟುಕು ನೀರು ಬೇಕೇ ಬೇಕು, ಬರೀ ಜೆಲ್ ಹೊಟ್ಟೆ ಹಿಂಡುತ್ತೆ. ಏನೇ ಆಗಲಿ 12, 13, 15, 17 ಕಿ.ಮೀ.ಯ ಭಾನುವಾರಗಳಲ್ಲಿ ಪರೀಕ್ಷೆ ಮಾಡಿ, ರೇಸಿನ ದಿನ ಅದನ್ನೇ ತಿನ್ನಿ.

ಓಆರ್‌ಎಸ್ ಬಗ್ಗೆ ಎರಡು ತಪ್ಪು ತುಂಬ ನಡೆಯುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಂ ಪೊಟ್ಟಣ ಒಂದು ಲೀಟರ್ ನೀರಿಗೆ. ಅದನ್ನ 300 ಮಿ.ಲೀ. ಬಾಟಲಿಗೆ ಸುರಿದರೆ ದ್ರಾವಣ ಗಟ್ಟಿಯಾಗಿ ಹೊಟ್ಟೆ ಕೆಡುತ್ತೆ. ಎರಡನೆಯದು, ಓಆರ್‌ಎಸ್ ಕುಡಿದರೆ ಶಕ್ತಿಗೂ ಆಯ್ತು ಅಂದುಕೊಳ್ಳೋದು. ಲೀಟರ್‌ಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ, ಉಪ್ಪಿನಂಶಕ್ಕೆ ಸರಿ, ಇಂಧನಕ್ಕೆ ಸಾಲದು.

ನೀರು ಎಷ್ಟು? ಒಂದು ಗಂಟೆ ಓಟದ ಮುಂಚೆ, ಆಮೇಲೆ ಮೈ ಒರೆಸಿಕೊಂಡು ತೂಕ ನೋಡಿ. ಅರ್ಧ ಕೆ.ಜಿ. ಇಳಿದು, ನಡುವೆ 200 ಮಿ.ಲೀ. ಕುಡಿದಿದ್ದರೆ ಬೆವರು ಸುಮಾರು 700 ಮಿ.ಲೀ. ಅಷ್ಟನ್ನೂ ತುಂಬಿಸಬೇಕಿಲ್ಲ, ಬಾಯಾರಿದಾಗ ಕುಡಿಯಿರಿ. ಓಟದ ನಂತರ ತೂಕ ಏರಿದ್ದರೆ ಕುಡಿದದ್ದು ಅತಿಯಾಯ್ತು. ಮೂರು ಗಂಟೆ ಓಡುವವರು ಪ್ರತಿ ಸ್ಟೇಷನ್‌ನಲ್ಲೂ ಲೋಟ ಲೋಟ ಬರೀ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತೆ, ಜೀವಕ್ಕೇ ಅಪಾಯ.

ಹಿಂದಿನ ದಿನ ಅನ್ನ-ತಿಳಿಸಾರು, ಮೊಸರನ್ನ. ಮುದ್ದೆ, ಕಾಳುಸಾರು, ಹಸಿ ಕೋಸಂಬರಿ ಅವತ್ತೊಂದು ದಿನ ಬೇಡ, ನಾರು ಜಾಸ್ತಿ. ರೇಸಿಗೆ ಎರಡೂವರೆ ಗಂಟೆ ಮುಂಚೆ ಇಡ್ಲಿ ಎರಡು ಮೂರು, ಸ್ವಲ್ಪ ಸಕ್ಕರೆ ಅಥವಾ ಬೆಲ್ಲದ ಜೊತೆ. ಫಿಲ್ಟರ್ ಕಾಫಿ ದಿನಾ ಕುಡಿಯುವವರು ಕುಡಿಯಿರಿ, ಇಲ್ಲದವರು ಅವತ್ತೇ ಶುರು ಮಾಡಬೇಡಿ. ಬೆಣ್ಣೆ ಮಸಾಲೆ, ವಡೆ ಎಲ್ಲ ಓಟ ಮುಗಿದ ಮೇಲೆ, ದರ್ಶಿನಿ ಎಲ್ಲೂ ಹೋಗಲ್ಲ.

ಪೇಸರ್_ಮಲ್ಲೇಶ್ವರ
ರೇಸಿನ ದಿನದ ಮಾತಿಗೆ ಬರ್ತೀನಿ. ಮುಂಚೆಯೇ ನಾಲ್ವರು ಕೂತು ಒಂದು ತೀರ್ಮಾನ ಮಾಡಿ: ಜೊತೆಯಲ್ಲಿ ಮುಗಿಸೋದೋ, ಅವರವರ ಓಟವೋ? ನನ್ನ ಸಲಹೆ: ವೇಗದವರು ಒಬ್ಬರೇ ಹೋಗಲಿ. ಮಧ್ಯದ ಇಬ್ಬರು 15 ಕಿ.ಮೀ.ವರೆಗೆ ಜೊತೆ, ಆಮೇಲೆ ಯಾರಿಗೆ ಶಕ್ತಿ ಇದೆಯೋ ಅವರು ಮುಂದೆ. "ಬಿಟ್ಟು ಹೋದರು" ಅನ್ನೋ ಬೇಸರ ಉಳಿಯಬಾರದು ಅಂದ್ರೆ ಇದು ಹಿಂದಿನ ವಾರವೇ ಬಾಯಿಬಿಟ್ಟು ಆಡಿದ ಮಾತಾಗಿರಬೇಕು. ನಾಲ್ಕನೆಯವರ ಜೊತೆಗೆ ಸಂಘಟಕರ ಪೇಸ್ ಬಸ್ (ನಿಗದಿತ ಸಮಯಕ್ಕೆ ಮುಗಿಸೋ ಹಾಗೆ ಒಂದೇ ವೇಗದಲ್ಲಿ ಕರೆದೊಯ್ಯೋ ಓಟಗಾರರ ಗುಂಪು) ಇದ್ದರೆ ಒಳ್ಳೇದು, ಇಲ್ಲದಿದ್ದರೆ ನಿಮ್ಮಲ್ಲೊಬ್ಬರು ಸ್ವಂತ ಸಮಯ ಬಿಟ್ಟು ಜೊತೆಗಿರಿ.

2:45 ಗುರಿ ಅಂದ್ರೆ ಕಿ.ಮೀ.ಗೆ 7:49. ಆದ್ರೆ ವಾಚು 21.1ಕ್ಕೆ ನಿಲ್ಲಲ್ಲ. ಅಧಿಕೃತ ಮಾರ್ಗವನ್ನ ತಿರುವುಗಳ ಒಳಅಂಚಿನ ಅತಿ ಚಿಕ್ಕ ದಾರಿಯಲ್ಲಿ ಅಳೆದಿರ್ತಾರೆ. ಜನರ ನಡುವೆ ನುಸುಳಿಕೊಂಡು ಓಡುವವರ ವಾಚಿನಲ್ಲಿ 21.3, 21.4 ತೋರಿಸೋದು ಸಹಜ. ಹಾಗಾಗಿ ವಾಚಿನಲ್ಲಿ 7:43 ಹಿಡಿಯಬೇಕು. ಮೊದಲ 3 ಕಿ.ಮೀ. 8:00ರಲ್ಲಿ ಹೋಗಿ. ಎಲ್ಲರೂ ದಾಟಿ ಹೋಗ್ತಾರೆ, ಹೋಗಲಿ. ಶುರುವಿನಲ್ಲಿ ಉಳಿಸಿದ 50 ಸೆಕೆಂಡ್ ಕೊನೆಯಲ್ಲಿ ಐದು ನಿಮಿಷ ತಿನ್ನುತ್ತೆ. ಫ್ಲೈಓವರ್ ಏರುವಾಗ ವೇಗ ಬಿಟ್ಟು ಉಸಿರು ಒಂದೇ ಸಮ ಇಡಿ. ಇಳಿಯುವಾಗ ಹೆಜ್ಜೆ ಚಿಕ್ಕದು ಮಾಡಿ.

ನಾಲ್ವರೂ ಸಾಲಾಗಿ ರಸ್ತೆ ತುಂಬ ಓಡಬೇಡಿ, ಇಬ್ಬಿಬ್ಬರು ಸಾಕು. ನಡಿಗೆಗೆ ಇಳಿಯೋ ಮುಂಚೆ ಕೈ ಎತ್ತಿ, ಅಂಚಿಗೆ ಬಂದು ಆಮೇಲೆ ನಡೀರಿ. ಓಡ್ತಾ ಇದ್ದವರು ಹಠಾತ್ತನೆ ನಿಂತರೆ ಹಿಂದಿನವರು ಬಂದು ಬೀಳ್ತಾರೆ. ನೀರಿನ ಮೇಜಿನಲ್ಲಿ ಮೊದಲನೇದಕ್ಕೆ ಮುಗಿಬೀಳದೆ ಕೊನೇ ಮೇಜಿಗೆ ಹೋಗಿ. ಭಾನುವಾರ ಮೊದಲ ಮೆಟ್ರೋ ಬೇರೆ ದಿನಕ್ಕಿಂತ ತಡ. ಅವತ್ತು ವಿಶೇಷ ರೈಲು ಇದೆಯಾ ನೋಡಿ, ಇಲ್ಲಾಂದ್ರೆ ಹಿಂದಿನ ರಾತ್ರಿಯೇ ಗಾಡಿ ಹೊಂದಿಸಿ.

ಬಸವನಗುಡಿ_ಬೆಳಗು
ಇನ್ನೊಂದು. ನಮ್ಮಲ್ಲಿ ಒಬ್ಬರಿಗೆ ಆಫೀಸ್ ಕೆಲಸ ಬಂದು ಆಗದೇ ಹೋದರೆ ಅವರ ಬಿಬ್ (ಎದೆಗೆ ಸಿಕ್ಕಿಸೋ ನಂಬರ್ ಚೀಟಿ) ಬೇರೆ ಗೆಳೆಯರಿಗೆ ಕೊಡಬಹುದಾ?

ಫಿಸಿಯೋ_ರಾಜಾಜಿನಗರ
ಕೊಡಬೇಡಿ. ಬಿಬ್ ಸಂಖ್ಯೆಗೆ ಸೇರಿರುವುದು ಹೆಸರು, ವಯಸ್ಸು, ರಕ್ತದ ಗುಂಪು, ತುರ್ತು ಫೋನ್. ಓಡಿದವರು ಕುಸಿದು ಬಿದ್ದರೆ ವೈದ್ಯಕೀಯ ತಂಡದ ಕೈಗೆ ಬೇರೆಯವರ ವಿವರ ಸಿಗುತ್ತೆ, ಫೋನು ಬೇರೆ ಮನೆಗೆ ಹೋಗುತ್ತೆ. ಸಂಘಟಕರು ಅಧಿಕೃತವಾಗಿ ಹೆಸರು ಬದಲಿಸಿ ಕೊಟ್ಟರೆ ಮಾತ್ರ ಸರಿ. ನಿಮ್ಮ ಸ್ವಂತ ಬಿಬ್ ಹಿಂದೆಯೂ ಔಷಧ, ಅಲರ್ಜಿ, ಮನೆಯ ನಂಬರ್ ಪೆನ್ನಿನಲ್ಲಿ ಬರೆಯಿರಿ.

ಗೆಳೆಯರು ಗಮನಿಸಬೇಕಾದದ್ದು: ಜೊತೆಯವರು ತೂರಾಡುತ್ತಿದ್ದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ ಅದು ಬರೀ ಸುಸ್ತಲ್ಲ. ಬೆವರು ಬರುತ್ತಿದೆ ಅಂತ ಸಮಾಧಾನ ಬೇಡ, ಶಾಖಾಘಾತದಲ್ಲೂ ಬೆವರಬಹುದು. ನಿಲ್ಲಿಸಿ, ಪಕ್ಕದ ಸ್ವಯಂಸೇವಕರನ್ನ ಕರೆಯಿರಿ, 108ಕ್ಕೆ ಕರೆ ಮಾಡಿ, ಗಾಡಿ ಬರೋವರೆಗೆ ಕಾಯದೆ ತಣ್ಣೀರು ಸುರಿದು, ಐಸ್ ಸಿಕ್ಕರೆ ಕಂಕುಳು, ಕುತ್ತಿಗೆ, ತೊಡೆಸಂದಿಗೆ ಇಟ್ಟು ತಂಪು ಮಾಡಿ.

ಹಲಸೂರು_ಕೆರೆ_ಏರಿ
ಓಡದ ಗೆಳೆಯರು, ಮನೆಯವರು ಬರೋದಾದರೆ ಅವರನ್ನ ಶುರುವಲ್ಲಿ ನಿಲ್ಲಿಸಬೇಡಿ, ಅಲ್ಲಿ ಯಾರಿಗೂ ಯಾರೂ ಕಾಣಲ್ಲ. ಹುರುಪು ಬೇಕಾಗೋದು 16ರಿಂದ 19 ಕಿ.ಮೀ. ನಡುವೆ. ಅಲ್ಲಿ ರಸ್ತೆಯ ಯಾವ ಬದಿ ಅಂತ ಮೊದಲೇ ಗೊತ್ತು ಮಾಡಿ. 7:49ರಲ್ಲಿ ಓಡುವವರು ಆರಂಭ ರೇಖೆ ದಾಟಿದ 2 ಗಂಟೆ 12, 13 ನಿಮಿಷಕ್ಕೆ 17ನೇ ಕಿ.ಮೀ.ಗೆ ಬರ್ತಾರೆ. ಗುಂಪು ದೊಡ್ಡದಿದ್ದರೆ ಆ ರೇಖೆಗೆ ತಲುಪೋಕೇ ಐದು ಹತ್ತು ನಿಮಿಷ ಹಿಡಿಯುತ್ತೆ, ಅದನ್ನೂ ಸೇರಿಸಿ. "ಇನ್ನೇನು ಬಂದೇಬಿಡ್ತು" ಅಂತ ಕೂಗೋ ಬದಲು "ಇನ್ನು ನಾಲ್ಕು ಕಿ.ಮೀ., ಮುಂದೆ ಇಳಿಜಾರು" ಅಂತ ನಿಜ ಹೇಳಿ.

ಅವರ ಕೈಲಿ ಒಣಬಟ್ಟೆ, ಚಪ್ಪಲಿ, ಟವೆಲ್, ಉಪ್ಪು ಹಾಕಿದ ಮಜ್ಜಿಗೆ ಇರಲಿ. ಮುಗಿದ ಕೂಡಲೇ ಯಾರನ್ನೂ ಫೋಟೋಗೆ ನಿಲ್ಲಿಸಬೇಡಿ. ಹಠಾತ್ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ತಿರುಗುತ್ತೆ, 10 ನಿಮಿಷ ನಡೆಸಿ. ವಾಪಸ್ ಗಾಡಿ ಓಡಿಸೋದು ಓಡದವರ ಕೆಲಸ. ನಾಲ್ಕೈದು ದಿನ ಓಟ ಬೇಡ, ನಡಿಗೆ ಸಾಕು. ಆ ದಿನಗಳಲ್ಲಿ ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಕಬ್ಬನ್_ಸುತ್ತು
ಕೊನೆಯ ಎರಡು ವಾರದ್ದು ಬಾಕಿ ಉಳಿದಿತ್ತು. 13ನೇ ವಾರ ವಾರದ ದಿನದ ಓಟ ಕಾಲುಭಾಗ ಕಡಿಮೆ, ಭಾನುವಾರ 11. ರೇಸಿನ ವಾರ ಮಂಗಳವಾರ 30 ನಿಮಿಷ, ಗುರುವಾರ 20 ನಿಮಿಷ, ಅದರಲ್ಲಿ 20 ಸೆಕೆಂಡಿನ ನಾಲ್ಕು ಚುರುಕು ಓಟ. ಶಕ್ತಿ ವ್ಯಾಯಾಮ ರೇಸಿಗೆ ಹತ್ತು ದಿನ ಇರುವಾಗಲೇ ನಿಲ್ಲಿಸಿ. ನಡುವೆ ಒಂದು ಭಾನುವಾರ ತಪ್ಪಿಹೋಗಿದ್ದರೆ ಅದನ್ನ ಈ ಎರಡು ವಾರದಲ್ಲಿ ತುಂಬಿಸೋಕೆ ಹೋಗಬೇಡಿ. ಈಗ ಓಡಿದ್ದರ ಫಲ ರೇಸಿನ ಹೊತ್ತಿಗೆ ಬರಲ್ಲ, ದಣಿವು ಮಾತ್ರ ಉಳಿದಿರುತ್ತೆ. ಕಾಲುಗುರು ಶುಕ್ರವಾರವೇ ಕತ್ತರಿಸಿಕೊಳ್ಳಿ. ಬಿಬ್ ತರೋಕೆ ಗುರುತಿನ ಚೀಟಿ ಬೇಕು, ನಾಲ್ವರದ್ದೂ ಒಬ್ಬರೇ ತರಬಹುದಾ ಅಂತ ನಿಯಮ ನೋಡಿಕೊಂಡು ಹೊರಡಿ.